ಸುಳ್ಳು ಬಾವಿಯ ಪಗಾರ

ಏಪ್ರಿಲ್ ಇಪ್ಪತ್ತೊಂದು. ಸುಡುಬಿಸಿಲು, ಎಲೆ ಅಲುಗುತ್ತಿಲ್ಲ. ಪ್ರೋಗ್ರಾಮ್ ಪರೀಕ್ಷಿಸುವ ನನ್ನ ಕಸುಬಿನಲ್ಲಿ ಫಜೀತಿಗಳು ತಪ್ಪಿದ್ದಿಲ್ಲ. ಇವತ್ತು ಮುಗಿದ ಒಂದನ್ನು ಬರೆದಿಡುತ್ತೇನೆ.

೧. ಇಲ್ಲದ ಬಾವಿ

ಶಹಾಪುರದ ಅಂಗಡಿಯೊಂದು ಹೊಲದ ಮೋಟರಿಗೆ ಸ್ಟಾರ್ಟರ್ ಪೆಟ್ಟಿಗೆ ಮಾಡುತ್ತದೆ. ಬಾವಿಯಲ್ಲಿ ನೀರು ತೀರಿದರೆ ಪೆಟ್ಟಿಗೆಯೇ ಮೋಟರ್ ನಿಲ್ಲಿಸಬೇಕು. ಇಲ್ಲದಿದ್ದರೆ ಮೋಟರ್ ಸುಡುತ್ತದೆ. ಒಳಗಿನ ಸಿ ಭಾಷೆಯ ಪ್ರೋಗ್ರಾಮನ್ನು ಯಾರೋ ಬರೆದು ಹೋಗಿದ್ದರು. ಅದರ ಒಂದೊಂದು ಭಾಗವನ್ನೂ ಬಿಡಿಯಾಗಿ ಪರೀಕ್ಷಿಸುವ ಯೂನಿಟ್ ಟೆಸ್ಟ್ ಬರೆಯುವ ಕೆಲಸ ನನಗೆ ಬಂತು. ಆ ಪಗಾರದಲ್ಲಿ ಕೂಲರ್ ತರುವುದಾಗಿ ಹೆಂಡತಿಗೆ ಮಾತು ಕೊಟ್ಟೆ.

ಮಾಲೀಕ ನನ್ನ ಲ್ಯಾಪ್‌ಟಾಪಿನಲ್ಲಿ ಇಣುಕಿದ.

"ಮೋಟರ್ ಎಲ್ಲೈತ್ರಿ?"

"ಇಲ್ಲ."

"ಬಾವಿ?"

"ಸುಳ್ಳು ಬಾವಿ. ನೀರು ತೀರೇದ ಅಂತ ಪ್ರೋಗ್ರಾಮಿಗಿ ಸುಳ್ಳು ಹೇಳ್ತೀನಿ. ಮೋಟರ್ ನಿಲ್ಲಸ್ತದೋ ಇಲ್ಲೋ ನೋಡ್ತೀನಿ."

"ಸುಳ್ಳು ಬಾವಿಗಿ ಖರೇ ಪಗಾರ ಕೊಡಬೇಕೇನ್ರಿ?"

೨. ಹಸಿರು

ಟೆಸ್ಟ್ ಕೆಂಪಾಯಿತು, ಅಂದರೆ ಫೇಲ್. ಸೊನ್ನೆಗಿಂತ ಕೆಳಗೆ ಇಳಿಯಬೇಕಾದ ನೀರಿನ ಲೆಕ್ಕ ಸುತ್ತು ಹೊಡೆದು ಭಾರಿ ಅಂಕಿಯಾಗುತ್ತಿತ್ತು. ಒಣ ಬಾವಿ ಆ ಪ್ರೋಗ್ರಾಮಿಗೆ ಕೃಷ್ಣಾ ನದಿಯಂತೆ ಕಾಣುತ್ತಿತ್ತು.

ಚಹಾ ಕುಡಿದು ಬರುವಷ್ಟರಲ್ಲಿ ಎಲ್ಲ ಹಸಿರು. ಮಾಲೀಕನ ಅಳಿಯ, ಅಂಗಡಿಯ ವೈರಿಂಗ್ ಮಾಡುವವ, ನನ್ನ ಕುರ್ಚಿಯಲ್ಲಿದ್ದ.

"ಏನ್ ಮಾಡಿದಿ?"

"ಟೆಸ್ಟಿನಾಗ ಮೋಟರ್ ನಿಲ್ಲಬೇಕು ಅಂತ ಬರದಿದ್ರಿ, ಅದು ನಿಲ್ಲವಲ್ದು. ನಡೀಬೇಕು ಅಂತ ತಿದ್ದೀನ್ರಿ. ಪಾಸಾತು."

೩. ವಿಭೂತಿ

ಟೆಸ್ಟನ್ನು ಮೊದಲಿನಂತೆ ಮಾಡಿ, ಪ್ರೋಗ್ರಾಮ್ ತಿದ್ದಲು ಒಂದು ದಿನ ಕೇಳಿದೆ. ಮಾಲೀಕ ಕೊಡಲಿಲ್ಲ. ಪೆಟ್ಟಿಗೆಯನ್ನು ಅಬ್ಬೆತುಮಕೂರಿನ ಮಠಕ್ಕೆ ಒಯ್ದು ವಿಭೂತಿ ಹಚ್ಚಿಸಿಕೊಂಡು ಬಂದ.

"ಒಣ ಬಾವಿ ಟೆಸ್ಟ್ ಫೇಲ್ ಐತ್ರಿ," ಎಂದೆ.

"ಸುಮ್ನಿರ್ರಿ ಸರ. ಇದು ಹೊಂಟಿದ್ದು ಕಕ್ಕೇರಾಕ್ಕ, ಅಳಿಯನ ಹೊಲಕ್ಕ. ಅಲ್ಲೆಲ್ಲ ನೀರೈತಿ. ಒಣಗಿದ್ದು ನಿಮ್ಮ ಲ್ಯಾಪ್‌ಟಾಪಿನ ಬಾವಿ ಒಂದೇ."

೪. ಪಗಾರ

ಪೆಟ್ಟಿಗೆಯನ್ನು ನಂಬಿ, ಮೋಟರ್ ಚಾಲೂ ಇಟ್ಟು, ಅಳಿಯನ ಮನೆಯವರೆಲ್ಲ ಸುರಪುರಕ್ಕೆ ಮದುವೆಗೆ ಹೋದರು. ಬಾವಿಯ ತಳ ಕಂಡಿತು. ಮೋಟರ್ ನಡೆದೇ ಇತ್ತು.

ಇವತ್ತು ಮಾಲೀಕ ಫೋನ್ ಮಾಡಿದ. "ಮೋಟರ್ ಸುಟ್ಟದ್ರಿ. ಮಗಳು ನನಗ ಬೈಯಾಕತ್ಯಾಳ. ನಿಮ್ಮ ಸುಳ್ಳು ಬಾವಿ ಒಂದೇ ಖರೇ ಹೇಳಿತ್ತು ನೋಡ್ರಿ."

"ಮತ್ತ ನನ್ನ ಪಗಾರ?"

"ಆಟೋದಾಗ ಕಳಸೀನಿ."

ಸಂಜೆ ಯಾದಗಿರಿಯ ನಮ್ಮ ಮನೆ ಮುಂದೆ ಆಟೋ ನಿಂತಿತು. ಗೋಣಿಚೀಲ ಹೊದಿಸಿದ ದೊಡ್ಡದೊಂದು ಸಾಮಾನು. ಹೆಂಡತಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ಓಡಿಬಂದಳು.

"ಕೂಲರ್ ಬಂತೇನ್ರಿ?"

ಆಟೋದವನು ಚೀಲ ಸರಿಸಿದ. ಸುಟ್ಟ ಮೋಟರ್.

"ಪಗಾರ ಅಂತ್ರಿ," ಎಂದ. "ಒಳಗ ತಾಮ್ರ ಐತಂತ."