ಮೇಷ್ಟ್ರ ಡ್ರಾಯರಿನ ಫೋನುಗಳು

ಆಗಸ್ಟ್ ಹನ್ನೊಂದು. ಬೆಳಗಿನಿಂದ ಮೋಡ, ಮಳೆ ಬರಲಿಲ್ಲ. ಶಿಡ್ಲಘಟ್ಟದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನನಗೆ, ಹುಡುಗರ ಫೋನ್ ಕಿತ್ತು ಮೇಜಿನ ಡ್ರಾಯರಿಗೆ ಹಾಕುವುದು ಹಾಜರಿ ಕರೆದಷ್ಟೇ ನಿತ್ಯದ ಕೆಲಸ.

೧. ಲೆಕ್ಕ

ಷಟ್ಪದಿ ಓದುವಾಗ ಒಬ್ಬ ಬೆಂಚಿನ ಕೆಳಗೆ ಫೋನ್ ಒತ್ತುತ್ತಿದ್ದ.

"ಏನಪ್ಪ ಅದು?"

"ಕ್ಯಾಲ್ಕುಲೇಟರ್ ಸಾರ್. ಮಾತ್ರೆ ಕೂಡ್ತಾ ಇದೀನಿ."

"ಎಷ್ಟು ಬಂತು?"

"ನೂರ ಎರಡು."

ಬೋರ್ಡಿನ ಮೇಲಿದ್ದ ಭಾಮಿನಿಯನ್ನು ಎಣಿಸಿದೆ. ಸರಿಯಾಗಿಯೇ ಇತ್ತು.

೨. ಪರೀಕ್ಷೆ

ಡ್ರಾಯರಿನಲ್ಲಿದ್ದ ಒಂದು ಫೋನ್ ಬಡಿದುಕೊಂಡಿತು. ಎತ್ತಿದೆ. ಜಂಗಮಕೋಟೆಯಿಂದ ಹುಡುಗನ ತಂದೆ.

"ಮೇಷ್ಟ್ರಾ? ನಮ್ಮೋನು ಪಾಠದಲ್ಲಿ ಫೋನ್ ನೋಡ್ತಾನಾ ಅಂತ ತಿಳ್ಕೊಳ್ಳೋಕೆ ದಿನಾ ಈ ಹೊತ್ತಿಗೆ ಕಾಲ್ ಮಾಡ್ತೀನಿ ಸಾರ್."

"ಎತ್ತುತ್ತಾನಾ?"

"ಹೂಂ ಸಾರ್. ನೋಡ್ತಾ ಇಲ್ಲಪ್ಪ ಅಂತ ಹೇಳಿ ಇಡ್ತಾನೆ. ಒಳ್ಳೇ ಹುಡುಗ."

೩. ಎತ್ತದ ಕರೆ

ಇವತ್ತು ಸಿಕ್ಕಿಬಿದ್ದವಳು ಮೊದಲ ಬೆಂಚಿನ ಹುಡುಗಿ. ಫೋನ್ ಡ್ರಾಯರಿಗೆ ಹೋದ ಮೇಲೂ ಅವಳು ಕೂರಲಿಲ್ಲ.

"ಸಾರ್, ಅಪ್ಪ ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲಿದಾರೆ. ‘ಮಗಳಿಗೆ ಫೋನ್ ಮಾಡಿ ಕೇಳ್ದೆ ಬೆಲೆ ಒಪ್ಪಬೇಡಿ’ ಅಂತ ಅಮ್ಮ ಅವರಿಗೆ ಹೇಳಿ ಕಳಿಸಿದಾರೆ."

"ಯಾಕಮ್ಮ, ಅಪ್ಪನಿಗೆ ಗೊತ್ತಾಗಲ್ವಾ?"

"ಗೊತ್ತು ಸಾರ್. ಆದ್ರೆ ಯಾರು ಎಷ್ಟು ಅಂದ್ರೂ ‘ಸರಿ ಬಿಡಣ್ಣ’ ಅಂತಾರೆ. ಆಗ್ಲೇ ತಡ ಆಗಿದೆ. ಇವತ್ತು ಮಾರದಿದ್ರೆ ಚಿಟ್ಟೆ ಗೂಡು ಕೊರ್ದು ಬಂದ್ಬಿಡುತ್ತೆ, ಆಮೇಲೆ ಯಾರೂ ಕೊಳ್ಳಲ್ಲ."

ಇಂಥ ನೆಪಗಳನ್ನು ಬಹಳ ಕೇಳಿದ್ದೇನೆ. ಪಾಠ ಮುಂದುವರಿಸಿದೆ. ಡ್ರಾಯರಿನೊಳಗೆ ಫೋನ್ ನಡುಗಿತು. ನಿಂತಿತು. ಮತ್ತೆ ನಡುಗಿತು. ಹುಡುಗಿ ತಲೆ ತಗ್ಗಿಸಿ ಕಣ್ಣು ಒರೆಸಿಕೊಂಡಳು. ನಾನು ಪುಸ್ತಕ ಮಡಿಸಿ ಫೋನ್ ಕೊಟ್ಟೆ. ಅವಳು ಮಾಡಿದರೆ ಅತ್ತ ಕಡೆಯ ಲೈನ್ ಬಿಜಿ ಬಂತು. ಬ್ಯಾಗನ್ನೂ ತೆಗೆದುಕೊಳ್ಳದೆ ಮಾರ್ಕೆಟ್ಟಿಗೆ ಓಡಿದಳು. ಆಮೇಲೆ ನಾನು ಏನು ಪಾಠ ಮಾಡಿದೆನೋ ನನಗೇ ತಿಳಿಯದು.

ಸಂಜೆ ಬ್ಯಾಗಿಗೆಂದು ಬಂದಳು.

"ಸಾರ್, ಅಪ್ಪ ನಿಮಗೆ ಒಂದು ಮಾತು ಹೇಳು ಅಂದ್ರು. ಇನ್ಮೇಲೆ ಗೂಡು ಮಾರೋ ದಿನ ನೀವು ನನ್ನ ಫೋನ್ ಕಿತ್ಕೋಬೇಕಂತೆ."

"ಯಾಕಮ್ಮ?"

"ನಾನು ಎತ್ಲಿಲ್ವಲ್ಲ ಸಾರ್, ಅಪ್ಪ ಒಪ್ಪೋ ಹಾಗಿಲ್ಲ. ಬೇಡ ಅನ್ನೋಕೂ ಬಾಯಿ ಬರಲ್ಲ. ಫೋನ್ ಕಿವಿಗಿಟ್ಕೊಂಡು ಸುಮ್ನೆ ನಿಂತಿದ್ರಂತೆ. ಭಾರಿ ಗಟ್ಟಿ ಆಸಾಮಿ ಅಂದ್ಕೊಂಡು ಕೊಳ್ಳೋರು ಏರಿಸ್ತಾ ಹೋದ್ರಂತೆ. ಕೇಜಿಗೆ ನಾನೂರ ಎಂಬತ್ತರಿಂದ ಶುರುವಾಗಿದ್ದು."

"ಕೊನೆಗೆ ಎಷ್ಟು ಕೊಟ್ರು?"

"ಐನೂರ ಅರವತ್ತು ಸಾರ್."