ಮಡಚದ ಮಡಚುಚಾಕು

ಮಡಚುಚಾಕು ಮಡಚುವುದಿಲ್ಲ ಎಂಬುದು ಕೇಂದ್ರ ಪಾರ್ಸೆಲ್ ಕಚೇರಿಯಲ್ಲಿ ಸರ್ವಾನುಮತದಿಂದ ಅಂಗೀಕೃತವಾದ ಸತ್ಯ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಇದನ್ನು ಓದಿ ಹೇಳಿ ಸಹಿ ಪಡೆಯಲಾಗುತ್ತದೆ.

ಈ ಸತ್ಯ ಹುಟ್ಟುವ ಮೊದಲು ಅಲ್ಲಿ ಹಳೇ ಚಾಕುಗಳಿದ್ದವು. ಅವುಗಳ ಬೆನ್ನಿನಲ್ಲಿ ಬಿಗಿಯಾದ ಒಂದು ಪಟ್ಟಿ, ಅಷ್ಟೆ. ಅದರ ಒತ್ತಡದಲ್ಲಿ ಅಲಗು ನಿಲ್ಲುತ್ತಿತ್ತು, ಜೋರಾಗಿ ತಳ್ಳಿದರೆ ಮಡಚಿಕೊಳ್ಳುತ್ತಿತ್ತು. ನಡುವೆ ಯಾರ ಬೆರಳಿದೆ ಎಂದು ಅದು ನೋಡುತ್ತಿರಲಿಲ್ಲ. ಪ್ಯಾಕಿಂಗ್‌ನವರೊಬ್ಬರ ಬೆರಳು ಹಾಗೆ ಸಿಕ್ಕಿಕೊಂಡ ಮೇಲೆ ಉಗ್ರಾಣದ ಮೇಲ್ವಿಚಾರಕಿ, ಎಲ್ಲರ ಬಾಯಲ್ಲಿ ಉಗ್ರಾಣದಮ್ಮ, ಬೀಗವಿರುವ ಚಾಕು ಹುಡುಕಿಕೊಂಡು ಹೋದರು. ಬೆನ್ನು ಒತ್ತಿ ಮಡಚುವಂಥದ್ದೂ ಅಂಗಡಿಯಲ್ಲಿತ್ತು. ಅದಕ್ಕೆ ಎರಡು ಕೈ ಬೇಕೆಂದು ಬಿಟ್ಟರು. ಅವರು ಆರಿಸಿದ್ದರಲ್ಲಿ ಅಲಗು ತೆರೆದೊಡನೆ ಹಿಡಿಯೊಳಗಿನ ತೆಳು ತಗಡು ಸರಿದು ಬಂದು ಅಲಗಿನ ಬುಡಕ್ಕೆ ಆತುಕೊಳ್ಳುತ್ತಿತ್ತು. ಆ ತಗಡನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ ಮಾತ್ರ ಚಾಕು ಮಡಚುತ್ತದೆ.

ಹೊಸ ಚಾಕಿನ ಉದ್ಘಾಟನೆಗೆ ನಿರ್ದೇಶಕರು ಬಂದು ಅದರಿಂದಲೇ ಟೇಪು ಕತ್ತರಿಸಿದರು. ಚಪ್ಪಾಳೆ ಬಿತ್ತು. ಆಮೇಲೆ ಅವರು ಚಾಕು ಮಡಚಲು ತಳ್ಳಿದರು. ಮೇಜಿಗೆ ಒತ್ತಿದರು, ಗೋಡೆಗೆ ಆನಿಸಿ ನೂಕಿದರು, ಮುಖ ಕೆಂಪಗಾಯಿತು. ಪ್ಯಾಕಿಂಗ್‌ನವರಿಗೆಲ್ಲ ಗುಟ್ಟು ಗೊತ್ತಿತ್ತು. ಆದರೆ ನಿಯಮದ ಪ್ರಕಾರ, ನಿರ್ದೇಶಕರಿಗೆ ತಿಳಿಯದ ವಿಷಯವನ್ನು ಅವರಿಗೆ ತಿಳಿಸಲು ನಿರ್ದೇಶಕರ ಪೂರ್ವಾನುಮತಿ ಬೇಕು.

"ಇದು ಮಡಚೋ ಚಾಕು ಅಲ್ಲ," ಎಂದರು ನಿರ್ದೇಶಕರು.

"ಅಲ್ಲವೇ ಅಲ್ಲ ಸಾರ್," ಎಂದರು ಉಪನಿರ್ದೇಶಕರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದೇ ಮೇಲೆ ಬಂದವರು ಅವರು.

ಮಡಚದ ಚಾಕನ್ನು ಮಡಚುಚಾಕೆಂದು ಕೊಂಡ ಆರೋಪದ ಮೇಲೆ ಉಗ್ರಾಣದಮ್ಮನಿಗೆ ನೋಟಿಸು ಬಂತು. ಮುಂದಿನ ವರ್ಷವೇ ನಿವೃತ್ತಿ. ಆರೋಪ ಸಾಬೀತಾದರೆ ಪಿಂಚಣಿ ಕೈತಪ್ಪುತ್ತದೆ. ಒಂದು ಸೂಜಿಯನ್ನೂ ಮನೆಗೆ ಒಯ್ಯದೆ ದುಡಿದದ್ದಕ್ಕೆ ಇದೇ ಮರ್ಯಾದೆಯೇ ಎಂದು ಅವರು ಮನೆಯಲ್ಲಿ ಹೇಳಿಕೊಂಡರು.

"ನಿಂಗೆ ಪಿಂಚಣಿ ಬೇಕೋ, ನಿಜ ಬೇಕೋ?" ಎಂದು ಗಂಡ ಕೇಳಿದರು. "ಎರಡಕ್ಕೂ ಕೈ ಹಾಕ್ಬೇಡ."

ವಿಚಾರಣೆಯ ದಿನ ಚಾಕು ಬಾಯಿ ತೆರೆದುಕೊಂಡು ಮೇಜಿನ ಮೇಲೆ ಮಲಗಿತ್ತು. ಉಗ್ರಾಣದಮ್ಮ ಗಂಡನ ಮಾತು ಮರೆತು ಅದನ್ನೆತ್ತಿಕೊಂಡು, ತಗಡು ಸರಿಸಿ, ಟಕ್ಕೆಂದು ಮಡಚಿಟ್ಟರು.

"ಸಾಕ್ಷ್ಯ ಕೆಡಿಸಿಬಿಟ್ರಲ್ಲಮ್ಮಾ," ಎಂದರು ಉಪನಿರ್ದೇಶಕರು, ನಿಜವಾಗಿಯೂ ನೊಂದುಕೊಂಡು.

ತೆರೆದ ಚಾಕು ಎಂದು ದಾಖಲಾದ ವಸ್ತು ಈಗ ಮುಚ್ಚಿತ್ತು. ಇದು ಮೊದಲ ಆರೋಪಕ್ಕಿಂತ ಗಂಭೀರ. ಕಿಟಕಿಯಾಚೆ ನೋಡುತ್ತಿದ್ದ ನಿರ್ದೇಶಕರು, ತಮಗಂತೂ ಏನೂ ಕಾಣಿಸಲಿಲ್ಲವೆಂದೂ, ಚಾಕು ಮೊದಲಿದ್ದಂತೆಯೇ ಆದರೆ ಎರಡೂ ಆರೋಪ ಕೈಬಿಡಬಹುದೆಂದೂ ತಿಳಿಸಿದರು. ಉಗ್ರಾಣದಮ್ಮ ಪಿಂಚಣಿಯನ್ನು ನೆನೆದು ಅಲಗು ಬಿಡಿಸಿಟ್ಟರು. ಎಲ್ಲರಿಗೂ ಹೋದ ಜೀವ ಬಂದಂತಾಯಿತು.

ಮರುದಿನ ಗೋಡೆಯ ಮೇಲೆ ಪ್ರಕಟಣೆ ಬಂತು: "ಮಡಚುಚಾಕುಗಳನ್ನು ಸದಾ ತೆರೆದೇ ಇಡತಕ್ಕದ್ದು. ಮಡಚುವುದು ಕಚೇರಿಯ ಆಸ್ತಿಗೆ ಮಾಡಿದ ಹಾನಿಯೆಂದು ಪರಿಗಣಿಸಲಾಗುವುದು. ಪ್ರತಿ ಚಾಕಿಗೂ ಚರ್ಮದ ಒರೆ ನೀಡಲಾಗುವುದು."

ಒರೆ ಒದಗಿಸಿದ್ದು ನಿರ್ದೇಶಕರ ಭಾವಮೈದುನ. ಒರೆ ಗಿಡ್ಡವಾಗಿತ್ತು. ಹೊರಗಿಣುಕಿದ ಅಲಗಿನ ತುದಿ ಪ್ಯಾಕಿಂಗ್‌ನವರ ತೊಡೆ ಗೀರಿತು. ಹಾಗಾಗಿ ಬ್ಯಾಂಡೇಜು ಬೇಕಾಯಿತು, ಅದನ್ನೂ ಭಾವಮೈದುನರೇ ಒದಗಿಸಿದರು. ಮನೆಯವರು ಅಷ್ಟೂ ಮಾಡದಿದ್ದರೆ ಹೇಗೆ? ಪಾರ್ಸೆಲ್ ತಡವಾದರೂ ಕುಂಟುವವರಿಗೆ ನೋಟಿಸು ಕೊಡಬಾರದೆಂದು ನಿರ್ದೇಶಕರು ದೊಡ್ಡ ಮನಸ್ಸು ಮಾಡಿದರು.

ಉಗ್ರಾಣದಮ್ಮನ ಬೀಳ್ಕೊಡುಗೆಯ ದಿನ ನಿರ್ದೇಶಕರು ತಾವೇ ಸೇಬು ಹೆಚ್ಚಿ ಕೊಟ್ಟರು. ಜೇಬಿನಿಂದ ಅವರು ತೆಗೆದ ಚಾಕಿನ ಹಿಡಿಯ ಮೇಲೆ ಕಚೇರಿಯ ಚಾಕುಗಳಿಗೆಲ್ಲ ಉಗ್ರಾಣದಮ್ಮ ತಮ್ಮ ಕೈಯಾರೆ ಹಚ್ಚಿದ್ದ ಕೆಂಪು ಬಣ್ಣದ ಗುರುತಿತ್ತು. ಸೇಬು ಮುಗಿದ ಮೇಲೆ ನಿರ್ದೇಶಕರು ಅಲಗನ್ನು ಒರೆಸಿ, ಹೆಬ್ಬೆರಳಿನಿಂದ ತಗಡು ಸರಿಸಿ, ಟಕ್ಕೆಂದು ಮಡಚಿ ಜೇಬಿಗೆ ಹಾಕಿಕೊಂಡರು. ಉಗ್ರಾಣದಮ್ಮ ನೋಡುತ್ತಿದ್ದುದು ಅವರ ಕಣ್ಣಿಗೆ ಬಿತ್ತು.

"ಇದು ಬೇರೆ ಜಾತೀದು ಕಣಮ್ಮಾ," ಎಂದರು.

ಪಿಂಚಣಿಯ ಆದೇಶ ಇನ್ನೂ ನಿರ್ದೇಶಕರ ಬಳಿಯೇ ಇತ್ತು.

"ಹೌದು ಸಾರ್, ನೋಡಿದ್ರೇನೇ ಗೊತ್ತಾಗುತ್ತೆ," ಎಂದು ಉಗ್ರಾಣದಮ್ಮ ಸೇಬಿನ ಹೋಳು ಬಾಯಿಗಿಟ್ಟುಕೊಂಡರು. ತೊಡೆಗೆ ಬ್ಯಾಂಡೇಜು ಸುತ್ತಿಕೊಂಡು ಹಿಂದೆ ನಿಂತಿದ್ದ ಪ್ಯಾಕಿಂಗ್‌ನವರು ಚಪ್ಪಾಳೆ ತಟ್ಟಿದರು.