ನೋಟಿನ ಮೇಲೊಂದು ಗುಡ್ಡ

ರಂಪಕ್ಕೆಲ್ಲ ಕಾರಣ ಎರಡು ಬೆರಳಗಲದ ಖಾಲಿ ಜಾಗ. ನೋಟು ಅಚ್ಚು ಹಾಕುವ ಕಚೇರಿಯ ಚಿತ್ರಗಾರ ಹೊಸ ನೋಟಿಗೆಂದು ಬರೆದಿದ್ದ ಗುಡ್ಡದ ಮೇಲೆ ಹುಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ.

ನಾಡಿನ ಸಂಸ್ಕೃತಿ, ನಾಡಿನ ಚೆಲುವು ಎರಡೂ ನೋಟಿನಲ್ಲಿ ಕಾಣಬೇಕೆಂದು ಮೇಲಿನಿಂದ ಅಪ್ಪಣೆಯಾಗಿತ್ತು. ಸಂಸ್ಕೃತಿಗೆ ಮಗ್ಗದ ಮುಂದೆ ಕೂತ ಮುದುಕಿ. ಅವಳು ಚಿತ್ರಗಾರನ ಅತ್ತೆಯೇ. ಚೆಲುವಿಗೆ ಅವನ ಮನೆಯೆದುರಿನ ಗುಡ್ಡ. ಮೂಗಿನ ತುದಿಯಲ್ಲೇ ಕೋಪವಿದ್ದ ಈ ಮನುಷ್ಯನನ್ನು ಕಚೇರಿಯವರು ಬೆನ್ನ ಹಿಂದೆ ಸಿಡಿಗುಂಡು ಎನ್ನುತ್ತಿದ್ದರು. ಸಿಡಿಗುಂಡು ತಣ್ಣಗಾಗುತ್ತಿದ್ದುದು ಲೋಕದಲ್ಲಿ ಒಂದೇ ಕಡೆ, ಆ ಗುಡ್ಡದ ಮುಂದೆ. ಅದು ಇದ್ದ ಹಾಗೇ ನೋಟಿನ ಮೇಲೆ ಬರಬೇಕೆಂಬುದು ಅವನ ಹಟ.

"ಇಲ್ಲಿ ಖಾಲಿ ಇದೆಯಲ್ರೀ?" ಎಂದರು ಕಚೇರಿಯ ನಿರ್ದೇಶಕರು ಬೆಳಗ್ಗೆ.

"ಗುಡ್ಡ ಸಾರ್. ಅದು ಇರೋದೇ ಹಾಗೆ."

"ಜನ ಏನಂದ್ಕೊಳ್ತಾರೆ? ಸರ್ಕಾರಕ್ಕೆ ಬಣ್ಣ ಸಾಲಲಿಲ್ಲ ಅಂದ್ಕೊಳ್ಳಲ್ವಾ?"

ಸಲಹೆ ಕೇಳಲು ಅವರು ಬೇರೆ ಖಾತೆಯವರನ್ನು ಕರೆಸಿದರು. ಸಲಹೆ ಬಿಟ್ಟಿ ಸಿಗುವುದರಿಂದ ಬಂದವರು ಕೈ ಬಿಗಿ ಹಿಡಿಯಲಿಲ್ಲ. ರಸ್ತೆ ಎಂಜಿನಿಯರು ಜೇಬಿನಿಂದ ಪೆನ್ಸಿಲ್ ತೆಗೆದವರೇ ಬುಡದಿಂದ ತುದಿಯವರೆಗೆ ಸೊಟ್ಟಂಪಟ್ಟ ರಸ್ತೆ ಎಳೆದರು.

"ಅಭಿವೃದ್ಧಿ ಕಾಣ್ಬೇಕು ಸಾರ್."

"ರಸ್ತೆ ಮಾಡಿ ಏನು ಪ್ರಯೋಜನ? ಮೇಲೆ ಹೋದವರಿಗೆ ಕೂರೋಕೆ ಜಾಗ ಬೇಡ್ವಾ?" ಎನ್ನುತ್ತ ಪ್ರವಾಸ ಖಾತೆಯ ಮೇಡಂ ತುದಿಯಲ್ಲಿ ಐದು ಮಹಡಿಯ ಹೋಟೆಲು ನಿಲ್ಲಿಸಿದರು. ಹೋಟೆಲಿಗೆ ದೀಪ ಬೇಕೆಂದು ನಿರ್ದೇಶಕರೇ ಕರೆಂಟು ಕಂಬ ನೆಟ್ಟರು. ಮಧ್ಯಾಹ್ನದ ಹೊತ್ತಿಗೆ ಗುಡ್ಡ ತೇಪೆ ಹಾಕಿದ ಹಳೇ ಗೋಣಿಚೀಲದ ಹಾಗಾಗಿತ್ತು. ಚಿತ್ರಗಾರ ಹಲ್ಲು ಕಡಿಯುತ್ತ ನಿಂತಿದ್ದ.

ಅಷ್ಟರಲ್ಲಿ ಹೆಂಡತಿಯ ಫೋನು. "ರೀ, ಮೂಗು ಸರಿಯಾಗಿ ಬಂದಿದೆಯಾ ಅಂತ ಅಮ್ಮ ಕೇಳ್ತಿದಾಳೆ."

"ಮೂಗು ಇದೆ ಕಣೇ, ಗುಡ್ಡ ಹೋಗ್ತಾ ಇದೆ!" ಎಂದು ಕಿರುಚಿ ಫೋನಿಟ್ಟ.

ಮೂಗಿನ ಒಡತಿಗೂ ಕುತ್ತು ಬಂತು. ರಸ್ತೆ ಅಂದಮೇಲೆ ಟೋಲ್ ಗೇಟು ಬೇಕಲ್ಲ? "ಆ ಮಗ್ಗ ತೆಗೆದುಬಿಡಿ. ಅಜ್ಜಿ ಹೇಗೂ ಸುಮ್ನೆ ಕೂತಿದಾರೆ, ಕೈಗೆ ರಸೀದಿ ಪುಸ್ತಕ ಕೊಡಿ," ಎಂದರು ಎಂಜಿನಿಯರು.

ಅಲ್ಲಿಗೆ ಸಿಡಿಗುಂಡು ಸಿಡಿಯಿತು. ಮೇಜಿನ ಮೇಲೆ ಬಿದ್ದ ಗುದ್ದಿಗೆ ಚಹಾದ ಲೋಟಗಳು ನೆಲ ಸೇರಿದವು.

"ಕಣ್ಣಿದೆಯೇನ್ರೀ ನಿಮಗೆ? ಆ ಗುಡ್ಡದ ಮೇಲೆ ರಸ್ತೆ ಎಲ್ಲಿದೆ? ಹೋಟೆಲ್ ಎಲ್ಲಿದೆ? ನೋಟು ಅಂದ್ರೆ ಸರ್ಕಾರ ಕೊಡೋ ಮಾತು! ಅದರ ಮೇಲೇ ಸುಳ್ಳು ಬರೆದ್ರೆ ಇದಕ್ಕೂ ಖೋಟಾ ನೋಟಿಗೂ ಏನ್ರೀ ವ್ಯತ್ಯಾಸ? ನೋಟಿನಲ್ಲಿರೋದು ನೆಲದ ಮೇಲೂ ಇರ್ಬೇಕು!"

ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. "ಇವರು ಹೇಳೋದು ಸರಿ," ಎಂದರು ಮೆಲ್ಲಗೆ. ಎಂಜಿನಿಯರು ಪೆನ್ಸಿಲನ್ನು ಜೇಬಿಗೆ ಸೇರಿಸಿದರು.

ಜನ್ಮದಲ್ಲಿ ಮೊದಲ ಸಲ ಅವನ ಸಿಟ್ಟಿಗೆ ಬೆಲೆ ಬಂದಿತ್ತು. ಎದೆಯುಬ್ಬಿಸಿಕೊಂಡು ಹೊರಬಂದವನು ಕಂಡಕಂಡವರಿಗೆಲ್ಲ ನಡೆದದ್ದನ್ನು ಉಪ್ಪು ಖಾರ ಹಚ್ಚಿ ಹೇಳಿದ. ಹೆಂಡತಿಗೂ ಫೋನು ಮಾಡಿ, ಗುಡ್ಡ ಉಳಿಯಿತು, ನಿಮ್ಮಮ್ಮನೂ ಉಳಿದಳು ಎಂದ.

ಸಂಜೆ ನಿರ್ದೇಶಕರ ಕೋಣೆಯಿಂದ ಕರೆ ಬಂತು. ಒಳಗೆ ಮೂವರೂ ಇದ್ದರು. ಮೇಜಿನ ಮೇಲಿದ್ದ ಚಿತ್ರದಲ್ಲಿ ರಸ್ತೆ, ಹೋಟೆಲು, ಕಂಬ ಎಲ್ಲ ಹಾಗೇ ಇದ್ದವು.

"ರಬ್ಬರ್ ತರ್ಲಾ ಸಾರ್?" ಎಂದ ಚಿತ್ರಗಾರ, ದೊಡ್ಡ ಮನಸ್ಸು ಮಾಡಿ.

"ರಬ್ಬರ್ ಯಾಕ್ರೀ?" ಎಂದರು ನಿರ್ದೇಶಕರು. "ನಿಮ್ಮ ಮಾತನ್ನ ಮೇಲಿನವರಿಗೆ ಹಾಗೇ ಒಪ್ಪಿಸಿದೆ. ಕೇಳಿ ಕಣ್ಣೀರು ಹಾಕಿಬಿಟ್ರು. ನೋಟು ಸುಳ್ಳು ಹೇಳಕೂಡದು, ಅದು ಅಚ್ಚಾಗೋ ಮುಂಚೆ ಇದೆಲ್ಲಾ ಗುಡ್ಡದ ಮೇಲೆ ಕಟ್ಟಿ ಮುಗಿಸಿ ಅಂತ ಹುಕುಂ ಆಗಿದೆ. ಸೋಮವಾರದಿಂದ ಕೆಲಸ ಶುರು."

ಚಿತ್ರಗಾರನ ಮುಖ ಕೆಂಡವಾಯಿತು. ಮುಷ್ಟಿ ಬಿಗಿದು, ಬಾಯಿ ತೆರೆದ.

ಮೇಡಂ ಗಾಬರಿಯಿಂದ ಅವನ ಕೈ ಹಿಡಿದುಕೊಂಡರು. "ದಮ್ಮಯ್ಯ ಸಾರ್, ಇನ್ನೇನೂ ಹೇಳ್ಬೇಡಿ. ಟೈಮು ಮೊದಲೇ ಕಮ್ಮಿ ಇದೆ. ನೀವು ಇನ್ನೊಂದು ಮಾತು ಆಡಿದ್ರೆ ಅದನ್ನೂ ಕಟ್ಬೇಕಾಗತ್ತೆ!"